ಬೆಳಗಿನ ಅಂಕಿಯೂ ಇಡೀ ರಾತ್ರಿಯೂ

ಗೊರಕೆ ಹೊಡೆದು ಮಲಗಿದವನನ್ನು ಕಂಡು ‘ಎಂಥ ಸುಖನಿದ್ರೆ!’ ಎಂದು ಮೆಚ್ಚುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ದೊಡ್ಡ ಗೊರಕೆಯೆಂದರೆ ಗಾಢನಿದ್ರೆ, ಗಾಢನಿದ್ರೆಯೆಂದರೆ ಆರೋಗ್ಯ ಎಂಬುದು ಹಿರಿಯರ ಲೆಕ್ಕ. ಅರವತ್ತು ದಾಟುವವರೆಗೆ ನಾವೂ ಈ ಲೆಕ್ಕವನ್ನೇ ನಂಬಿದ್ದೆವು. ನಮ್ಮ ಮನೆಯವರು ಮಾತ್ರ ನಂಬಿರಲಿಲ್ಲ. ನಡುರಾತ್ರಿಯಲ್ಲಿ ನಮ್ಮ ಗೊರಕೆ ಒಮ್ಮೆಲೇ ನಿಂತುಹೋಗುತ್ತಿತ್ತಂತೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಆದರೆ ಉಸಿರಿನ ಸದ್ದು ಮಾತ್ರ ಇಲ್ಲ. ಅವರು ಗಾಬರಿಯಿಂದ ಎಣಿಸುತ್ತ ಕುಳಿತರೆ ಇಪ್ಪತ್ತು, ಇಪ್ಪತ್ತೈದು ಆಗುವ ವೇಳೆಗೆ ನಾವು ನೀರಿನಿಂದ ಮೇಲೆದ್ದವರಂತೆ ಒಮ್ಮೆ ಬಾಯ್ದೆರೆದು ಗಾಳಿ ಎಳೆದು, ಮತ್ತೆ ಗೊರಕೆಗೆ ತೊಡಗುತ್ತಿದ್ದೆವಂತೆ. ಬೆಳಗ್ಗೆ ಇದನ್ನು ಹೇಳಿದರೆ ನಾವು ನಕ್ಕುಬಿಡುತ್ತಿದ್ದೆವು. ಮಲಗಿದವನಿಗೆ ತನ್ನ ನಿದ್ರೆಯ ಸಾಕ್ಷಿ ಹೇಳುವ ಅಧಿಕಾರವಿಲ್ಲ ಎಂಬ ಸರಳ ಸಂಗತಿ ಅಂದು ನಮಗೆ ಹೊಳೆದಿರಲಿಲ್ಲ.

2022ರ ಬೇಸಿಗೆಯಲ್ಲಿ ಪೇಟೆಯಿಂದ ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಾಗ ಒಂದು ಕ್ಷಣ ಕಣ್ಣು ಮುಚ್ಚಿತು. ಬಸ್ಸಿನ ಹಾರ್ನು ನಮ್ಮನ್ನು ಎಬ್ಬಿಸಿತು. ಅಂದಿನಿಂದ ನಾವು ಸ್ಕೂಟರನ್ನು ಬದಿಗಿಟ್ಟು ವೈದ್ಯರ ಬಳಿ ಹೋದೆವು. ಒಂದು ರಾತ್ರಿ ಮೈತುಂಬ ತಂತಿಗಳನ್ನು ಅಂಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದೆವು. ಮರುದಿನ ಬಂದ ವರದಿಯಲ್ಲಿ ಒಂದು ಅಂಕಿಯ ಸುತ್ತ ಕೆಂಪು ಗೆರೆ ಎಳೆದಿದ್ದರು: 38. ಗಂಟೆಯೊಂದಕ್ಕೆ ಸರಾಸರಿ 38 ಬಾರಿ ನಮ್ಮ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಕ್ಷೀಣಿಸುತ್ತಿತ್ತು.

ಬಾಲ್ಯದಲ್ಲಿ ಮಠದಲ್ಲಿ ಓದುವಾಗ ಪ್ರಾಣಾಯಾಮವನ್ನು ಕ್ರಮವಾಗಿ ಕಲಿತವರು ನಾವು. ಪೂರಕ, ಕುಂಭಕ, ರೇಚಕಗಳನ್ನು ಐವತ್ತು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದವರು. ಉಸಿರು ನಮ್ಮ ಹತೋಟಿಯಲ್ಲಿದೆ ಎಂಬ ಸಣ್ಣದೊಂದು ಅಹಂಕಾರ ಒಳಗೆಲ್ಲೋ ಇತ್ತು. ಹಗಲಿನಲ್ಲಿ ಹತೋಟಿಯಲ್ಲಿದ್ದ ಉಸಿರು ರಾತ್ರಿಯಲ್ಲಿ ಹೇಳದೆ ಕೇಳದೆ ಗಂಟೆಗೆ ಮೂವತ್ತೆಂಟು ಕುಂಭಕಗಳನ್ನು ನಡೆಸುತ್ತಿತ್ತೆಂದು ತಿಳಿದಾಗ ನಾಚಿಕೆಯೂ ಆಯಿತು, ನಗೆಯೂ ಬಂತು. ಪ್ರಾಣಾಯಾಮವು ಈ ವ್ಯಾಧಿಯ ಯಂತ್ರಕ್ಕೆ ಬದಲಿಯಾಗಬಲ್ಲದೇ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ನಮ್ಮ ಅನುಭವದಲ್ಲಿ ಆಗಲಿಲ್ಲ. ನಿದ್ರೆ ಬಂದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ, ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಅಲ್ಲಿ ಸಾಧಕನೂ ಇಲ್ಲ, ಸಾಧನೆಯೂ ಇಲ್ಲ.

ಈ ವ್ಯಾಧಿಗೆ ವೈದ್ಯರು ಇಟ್ಟಿರುವ ಹೆಸರು ಸ್ಲೀಪ್ ಆಪ್ನಿಯಾ. ಕನಿಷ್ಠ 10 ಸೆಕೆಂಡುಗಳ ಕಾಲ ಗಾಳಿಯ ಹರಿವು ನಿಂತರೆ ಅದು ಆಪ್ನಿಯಾ. ಪೂರ್ತಿ ನಿಲ್ಲದೆ ಗಣನೀಯವಾಗಿ ಕುಗ್ಗಿ, ಅದರಿಂದ ರಕ್ತದ ಆಮ್ಲಜನಕ ಇಳಿದರೆ ಅಥವಾ ನಿದ್ರೆ ಒಡೆದರೆ ಅದು ಹೈಪಾಪ್ನಿಯಾ. ಎರಡನ್ನೂ ಕೂಡಿಸಿ, ನಿದ್ರೆಯ ಗಂಟೆಗಳಿಂದ ಭಾಗಿಸಿದಾಗ ಬರುವ ಅಂಕಿಗೆ ಎ.ಎಚ್.ಐ. ಎನ್ನುತ್ತಾರೆ. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30ನ್ನು ದಾಟಿದರೆ ತೀವ್ರ. ನಾವು ತೀವ್ರದ ಪಂಕ್ತಿಯಲ್ಲಿ ಕುಳಿತಿದ್ದೆವು.

ಪರಿಹಾರವಾಗಿ ಮನೆಗೆ ಬಂದದ್ದು ಸಿಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಐವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತತ್ತ್ವ ಬಹಳ ಸರಳ. ಮೂಗಿಗೆ ಅಥವಾ ಮೂಗು-ಬಾಯಿಗಳೆರಡಕ್ಕೂ ಒಂದು ಮಾಸ್ಕ್ ಕಟ್ಟಿ, ಕೊಳವೆಯ ಮೂಲಕ ಕೋಣೆಯ ಗಾಳಿಯನ್ನೇ ಮೆಲ್ಲನೆ ಒತ್ತಿ ಕಳಿಸುವುದು. ಆ ಒತ್ತಡ ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ಆನಿಸಿ ಹಿಡಿಯುತ್ತದೆ. ಇದು ಆಮ್ಲಜನಕದ ಸಿಲಿಂಡರ್ ಅಲ್ಲ, ಔಷಧವೂ ಅಲ್ಲ. ಒತ್ತಡವನ್ನು ನೀರಿನ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರವರೆಗೆ ಇದರ ವ್ಯಾಪ್ತಿ. ಹತ್ತು ಸೆಂಟಿಮೀಟರ್ ಎಂದರೆ ಚೊಂಬಿನಲ್ಲಿ ಗೇಣಿಗಿಂತ ಕಡಿಮೆ ನೀರು ನಿಂತಾಗ ತಳದ ಮೇಲೆ ಬೀಳುವಷ್ಟು ಭಾರ. ಅಷ್ಟರಿಂದಲೇ ಒಬ್ಬ ಮನುಷ್ಯನ ಉಸಿರು ಉಳಿಯುತ್ತದೆ ಎಂಬುದು ನಮಗೆ ಇಂದಿಗೂ ಆಶ್ಚರ್ಯ.

ಯಂತ್ರವನ್ನು ಮಾರಿದವರು ಹೋಗುವಾಗ ಒಂದು ಮಾತು ಹೇಳಿದರು: “ಬೆಳಗ್ಗೆ ಪರದೆಯ ಮೇಲೆ ಅಂಕಿ ಬರುತ್ತದೆ. 5ರ ಒಳಗಿದ್ದರೆ ಸಾಕು, ಚಿಂತೆ ಬೇಡ.” ಮೊದಲ ವಾರದಲ್ಲೇ ನಮ್ಮ ಅಂಕಿ 2ಕ್ಕೆ ಇಳಿಯಿತು. ಮೂವತ್ತೆಂಟರಿಂದ ಎರಡಕ್ಕೆ! ಪರದೆಯಲ್ಲಿ ಒಂದು ನಗುಮುಖವೂ ಮೂಡುತ್ತಿತ್ತು. ನಾವು ಊರೆಲ್ಲ ಹೇಳಿಕೊಂಡು ಬಂದೆವು. ಆದರೆ ಮಧ್ಯಾಹ್ನದ ತೂಕಡಿಕೆ ಹೋಗಲಿಲ್ಲ. ಪ್ರೂಫ್ ತಿದ್ದುತ್ತ ಕುಳಿತರೆ ಪೆನ್ನು ಕೈಯಿಂದ ಜಾರುತ್ತಿತ್ತು. ಒಂದು ಸಭೆಯಲ್ಲಿ ವೇದಿಕೆಯ ಮೇಲೆಯೇ, ಪೂಜ್ಯರೊಬ್ಬರ ಆಶೀರ್ವಚನದ ನಡುವೆ ತಲೆ ವಾಲಿತು. ಅಂಕಿ ಚೆನ್ನಾಗಿದೆ, ನಾವು ಚೆನ್ನಾಗಿಲ್ಲ. ಇದೇನು ಎಂದು ನಾಲ್ಕು ತಿಂಗಳು ಒದ್ದಾಡಿದೆವು.

ಸಮಸ್ಯೆಯನ್ನು ಬಿಡಿಸಿದವಳು ನಮ್ಮ ಮಗಳು. ಯಂತ್ರದ ಬದಿಯಲ್ಲಿ ಬೆರಳುಗುರಿನಷ್ಟು ದೊಡ್ಡದಾದ ಒಂದು ಮೆಮೊರಿ ಕಾರ್ಡ್ ಇರುತ್ತದೆ. ಪರದೆಯ ಮೇಲೆ ಕಾಣುವುದು ರಾತ್ರಿಯ ಒಂದು ಸಾಲಿನ ಸಾರಾಂಶವಾದರೆ, ಕಾರ್ಡಿನಲ್ಲಿ ಪ್ರತಿಯೊಂದು ಉಸಿರಿನ ಅಲೆಯೂ ದಾಖಲಾಗಿರುತ್ತದೆ. (ಎಲ್ಲ ಯಂತ್ರಗಳಲ್ಲಿಯೂ ಅಲ್ಲ. ಕೆಲವು ಬಗೆಯ ಯಂತ್ರಗಳು ಬಳಸಿದ ಗಂಟೆಗಳನ್ನು ಮಾತ್ರ ಬರೆದಿಡುತ್ತವೆ. ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳುವುದು ಒಳಿತು.) ಆ ಕಾರ್ಡನ್ನು ಓದಲು ‘ಆಸ್ಕರ್’ ಎಂಬ ಒಂದು ಉಚಿತ ತಂತ್ರಾಂಶವಿದೆ. ಮಾರ್ಕ್ ವಾಟ್ಕಿನ್ಸ್ ಎಂಬವರು ಹಿಂದೆ ರಚಿಸಿದ್ದ ‘ಸ್ಲೀಪಿಹೆಡ್’ ಎಂಬುದರ ಆಧಾರದ ಮೇಲೆ ಸ್ವಯಂಸೇವಕರು 2019ರಿಂದ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ. ಮಗಳು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ, ನಮ್ಮ ಒಂದು ತಿಂಗಳ ರಾತ್ರಿಗಳನ್ನು ತೆರೆದು ನೋಡಿ, ಮೊದಲು ಕೇಳಿದ್ದು ಇಷ್ಟೇ:

“ಅಪ್ಪಾಜಿ, ರಾತ್ರಿ ಎರಡೂವರೆಗೆ ಏನ್ ಮಾಡ್ತೀರಿ ನೀವು?”

ಎರಡೂವರೆಗೆ ನಾವು ಮೂತ್ರವಿಸರ್ಜನೆಗೆ ಏಳುತ್ತಿದ್ದೆವು. ಬಂದು ಮಲಗುವಾಗ ಮತ್ತೆ ಆ ಪಟ್ಟಿಗಳನ್ನು ಕಟ್ಟಿಕೊಳ್ಳುವ ಬೇಸರ. ಅರ್ಧ ರಾತ್ರಿ ಹಾಕಿದ್ದೇವಲ್ಲ, ಸಾಕು ಎಂಬ ಸಮಾಧಾನ. ಹತ್ತೂವರೆಯಿಂದ ಎರಡೂವರೆಯವರೆಗೆ ನಾಲ್ಕು ತಾಸು ಯಂತ್ರ, ಅಲ್ಲಿಂದ ಐದೂವರೆಯವರೆಗೆ ಮೂರು ತಾಸು ಬರಿಯ ಗೊರಕೆ. ಯಂತ್ರ ತೋರಿಸುತ್ತಿದ್ದ ಎರಡು ಎಂಬ ಅಂಕಿ ಆ ನಾಲ್ಕು ತಾಸಿನದು ಮಾತ್ರ. ಉಳಿದ ಮೂರು ತಾಸು ಅದರ ಲೆಕ್ಕದಲ್ಲಿಯೇ ಇಲ್ಲ, ಏಕೆಂದರೆ ಮಾಸ್ಕ್ ತೆಗೆದೊಡನೆ ಅದರ ಪಾಲಿಗೆ ರಾತ್ರಿ ಮುಗಿಯಿತು.

ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದಳು. ಯಂತ್ರವಿದ್ದ 4 ತಾಸಿಗೆ ಎರಡರಂತೆ 8 ತಡೆಗಳು. ಯಂತ್ರವಿಲ್ಲದ 3 ತಾಸಿಗೆ, ಆಸ್ಪತ್ರೆಯ ವರದಿಯ 38ರಂತೆ 114. ಒಟ್ಟು 122. ಏಳು ತಾಸಿನಿಂದ ಭಾಗಿಸಿದರೆ 17ಕ್ಕೂ ಮಿಗಿಲು. ಇದು ಅಂದಾಜಿನ ಲೆಕ್ಕ, ವೈದ್ಯಶಾಸ್ತ್ರದ ಅಳತೆಯಲ್ಲ. ಆದರೂ ನಾಲ್ಕು ತಿಂಗಳು ‘ಎರಡು’ ಎಂದು ಬೀಗಿದವನ ನಿಜವಾದ ರಾತ್ರಿ ಹದಿನೇಳರದಾಗಿತ್ತು. ಅದಕ್ಕಿಂತ ಕೆಟ್ಟದ್ದೂ ಇರಬಹುದೆಂದು ವೈದ್ಯರು ಆಮೇಲೆ ತಿಳಿಸಿದರು. ಕನಸು ಬೀಳುವ ನಿದ್ರೆ ರಾತ್ರಿಯ ಕೊನೆಯ ಭಾಗದಲ್ಲಿಯೇ ಹೆಚ್ಚು. ಆಗ ಸ್ನಾಯುಗಳು ಇನ್ನಷ್ಟು ಸಡಿಲವಾಗುವುದರಿಂದ ಅನೇಕರಿಗೆ ಉಸಿರು ಕಟ್ಟುವುದೂ ಆಗಲೇ ಹೆಚ್ಚು. ಎಂದರೆ ಶತ್ರು ಬರುವ ಹೊತ್ತಿಗೆ ಸರಿಯಾಗಿ ನಾವು ಕೋಟೆಯ ಬಾಗಿಲು ತೆರೆದಿಡುತ್ತಿದ್ದೆವು. ಮತ್ತೊಂದು ವಿಚಿತ್ರ ಕೇಳಿ: ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಕೂಡ ಈ ವ್ಯಾಧಿಯ ಲಕ್ಷಣಗಳಲ್ಲೊಂದು. ಬೆಳಗಿನವರೆಗೆ ಮಾಸ್ಕ್ ಹಾಕಿಕೊಳ್ಳಲು ತೊಡಗಿದ ಕೆಲವು ವಾರಗಳಲ್ಲಿ ಎರಡೂವರೆಯ ಎಚ್ಚರವೇ ಅಪರೂಪವಾಯಿತು.

ಆದ್ದರಿಂದ ಈ ಯಂತ್ರವಿರುವ ಮನೆಯವರು ಬೆಳಗ್ಗೆ ಮೊದಲು ನೋಡಬೇಕಾದದ್ದು ಎ.ಎಚ್.ಐ. ಅಲ್ಲ, ಬಳಸಿದ ಗಂಟೆಗಳು. ಅಮೆರಿಕೆಯ ಸರ್ಕಾರಿ ವಿಮೆಯಾದ ಮೆಡಿಕೇರ್, ಶೇಕಡಾ 70ರಷ್ಟು ರಾತ್ರಿಗಳಲ್ಲಿ ಕನಿಷ್ಠ 4 ಗಂಟೆ ಬಳಸಿದವರನ್ನು ನಿಯಮಿತ ಬಳಕೆದಾರರೆಂದು ಎಣಿಸುತ್ತದೆ. ಈ ನಾಲ್ಕು ಗಂಟೆಯ ಮಾತು ಹೇಗೋ ನಮ್ಮ ಕಡೆಗೂ ಹಬ್ಬಿ, ನಾಲ್ಕು ಗಂಟೆ ಹಾಕಿದರೆ ಸಾಕು ಎಂಬ ಭ್ರಮೆ ಹುಟ್ಟಿಸಿದೆ. ಅದು ಹಣ ಪಾವತಿಯ ನಿಯಮ, ಗಂಟಲಿನ ನಿಯಮವಲ್ಲ. ನಿದ್ರೆ ಇರುವವರೆಗೂ ಯಂತ್ರವಿರಬೇಕು, ಹಗಲಿನ ಅಡ್ಡಾಗುವಿಕೆಯಲ್ಲಿಯೂ.

ಇನ್ನು ಸೋರಿಕೆಯ ವಿಷಯ. ಇದರಲ್ಲಿ ನಾವು ಎರಡನೆಯ ಬಾರಿ ಮೋಸಹೋದೆವು.

ಇಡೀ ರಾತ್ರಿ ಮಾಸ್ಕ್ ಹಾಕಲಾರಂಭಿಸಿದ ಮೇಲೂ ಅಂಕಿ ಎರಡರ ಸುತ್ತಲೇ ಇತ್ತು. ಆದರೆ ಮಗಳು ತೋರಿಸಿದ ನಕ್ಷೆಯಲ್ಲಿ ಮೂರು ಗಂಟೆಯ ನಂತರ ಸೋರಿಕೆಯ ಗೆರೆ ಗುಡ್ಡದಂತೆ ಏಳುತ್ತಿತ್ತು. ಮಾಸ್ಕಿನಲ್ಲಿ ಬಿಟ್ಟ ಉಸಿರು ಹೊರಹೋಗಲೆಂದೇ ಸಣ್ಣ ರಂಧ್ರಗಳಿರುತ್ತವೆ. ಅದು ಬೇಕಾದ ಸೋರಿಕೆ. ಅಂಚಿನಿಂದ, ತೆರೆದ ಬಾಯಿಯಿಂದ ಹೋಗುವುದು ಬೇಡವಾದ ಸೋರಿಕೆ. ರೆಸ್‌ಮೆಡ್ ಕಂಪನಿಯ ಯಂತ್ರಗಳು ಬೇಡವಾದುದನ್ನು ಮಾತ್ರ ತೋರಿಸುತ್ತವೆ, ಮತ್ತು ನಿಮಿಷಕ್ಕೆ 24 ಲೀಟರನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿವೆ. ಫಿಲಿಪ್ಸ್ ಕಂಪನಿಯ ಅನೇಕ ಯಂತ್ರಗಳು ಎರಡನ್ನೂ ಕೂಡಿಸಿ ತೋರಿಸುತ್ತವೆ. ಆದ್ದರಿಂದ ಒಂದು ಮನೆಯ ಅಂಕಿಯನ್ನು ಇನ್ನೊಂದು ಮನೆಯ ಅಂಕಿಯೊಡನೆ ತೂಗಿ ನೋಡುವುದು ಸಲ್ಲದು. ನಮ್ಮದು ಮೊದಲಿನ ಬಗೆಯದು, ಗೆರೆ 40ನ್ನು ಮುಟ್ಟುತ್ತಿತ್ತು. ಆ ಭಾಗದಲ್ಲಿ ಒಂದೂ ಆಪ್ನಿಯಾದ ಗುರುತಿಲ್ಲ! ನಾವು ಸಂತೋಷಪಟ್ಟೆವು. ಮಗಳಿಗೆ ಅನುಮಾನ ಬಂತು. ವೈದ್ಯರು ಅದನ್ನು ದೃಢಪಡಿಸಿದರು: ಗಾಳಿ ಎಲ್ಲ ಕಡೆ ಸೋರುವಾಗ ಯಂತ್ರಕ್ಕೆ ಉಸಿರಿನ ಅಲೆಯೇ ಕಾಣದು. ಕಾಣದ ತಡೆಯನ್ನು ಅದು ಬರೆಯದು. ಗುರುತಿಲ್ಲದ ಆ ಎರಡು ತಾಸು ನೆಮ್ಮದಿಯದಾಗಿರಲಿಲ್ಲ, ಯಂತ್ರದ ಕುರುಡಿನದಾಗಿತ್ತು.

ಸೋರಿಕೆಗೆ ಕಾರಣ ಹುಡುಕಿದರೆ ಎರಡು ಸಿಕ್ಕವು. ಒಂದು, ಮೂವತ್ತು ವರ್ಷಗಳಿಂದ ಬೆಳೆಸಿದ ನಮ್ಮ ಗಡ್ಡ. ಇನ್ನೊಂದು, ರಾತ್ರಿ ತೆಗೆದಿಡುವ ಹಲ್ಲಿನ ಸೆಟ್ಟು. ಅಂಗಡಿಯಲ್ಲಿ ಹಲ್ಲು ಹಾಕಿಕೊಂಡು ಕುಳಿತು ಮಾಸ್ಕಿನ ಅಳತೆ ಕೊಟ್ಟವರು, ಮನೆಯಲ್ಲಿ ಹಲ್ಲಿಲ್ಲದ ಕೆನ್ನೆಗೆ ಅದನ್ನು ಕಟ್ಟುತ್ತಿದ್ದೆವು. ಬಿಗಿಯಾಗಿ ಎಳೆದು ಕಟ್ಟಿದರೆ ಸೋರಿಕೆ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗಲಿಲ್ಲ, ಮೂಗಿನ ಮೇಲೆ ಗಾಯವೂ ಆಯಿತು. ಮಲಗಿದ ಭಂಗಿಯಲ್ಲಿ, ಹಲ್ಲು ತೆಗೆದು, ಯಂತ್ರ ನಡೆಯುತ್ತಿರುವಾಗಲೇ ಅಳತೆ ನೋಡಿ ಬಾಯಿಯನ್ನೂ ಮುಚ್ಚುವ ಬೇರೊಂದು ಮಾಸ್ಕ್ ತಂದೆವು. ಗಡ್ಡವನ್ನು ಪೂರ್ತಿ ತೆಗೆಯಲು ಮನಸ್ಸು ಬಾರದೆ ಕತ್ತರಿಯಿಂದ ಸಣ್ಣಗೆ ಮಾಡಿಸಿದೆವು. ಸೋರಿಕೆ ಹತ್ತರ ಕೆಳಗೆ ಬಂತು. ಅದೇ ವಾರ ಎ.ಎಚ್.ಐ. ಎರಡರಿಂದ ನಾಲ್ಕೂವರೆಗೆ ಏರಿತು!

ಗಾಬರಿಯಿಂದ ವೈದ್ಯರಿಗೆ ಫೋನು ಮಾಡಿದೆವು. ಅವರು ನಕ್ಕು, “ಈಗ ಯಂತ್ರಕ್ಕೆ ಕಣ್ಣು ಬಂದಿದೆ, ಇದ್ದದ್ದನ್ನು ಇದ್ದಂತೆ ಹೇಳುತ್ತಿದೆ” ಎಂದರು. ಎರಡು ಎಂಬ ಸುಳ್ಳಿಗಿಂತ ನಾಲ್ಕೂವರೆ ಎಂಬ ನಿಜ ಮೇಲು ಎಂದು ಒಪ್ಪಿಕೊಳ್ಳಲು ನಮಗೆ ಎರಡು ದಿನ ಬೇಕಾಯಿತು. ಅವರು ಒತ್ತಡವನ್ನು ಸ್ವಲ್ಪ ಹೊಂದಿಸಿದ ಮೇಲೆ ಅದು ಮೂರರ ಆಸುಪಾಸಿಗೆ ಬಂತು. ಮಧ್ಯಾಹ್ನದ ತೂಕಡಿಕೆ ಬಿಟ್ಟದ್ದು ಆಗ.

ಇಲ್ಲಿ ಇನ್ನೊಂದು ಮಿತಿಯನ್ನೂ ಹೇಳಬೇಕು. ಆಸ್ಪತ್ರೆಯ ಪರೀಕ್ಷೆಯಲ್ಲಿ ಮೆದುಳಿನ ಅಲೆಗಳನ್ನು ಅಳೆಯುವುದರಿಂದ ನಿದ್ರೆ ಯಾವುದು, ಎಚ್ಚರ ಯಾವುದು ಎಂದು ತಿಳಿಯುತ್ತದೆ. ಮನೆಯ ಯಂತ್ರಕ್ಕೆ ಅದು ತಿಳಿಯದು, ಗಾಳಿಯ ಹರಿವಷ್ಟೇ ಅದಕ್ಕೆ ಗೊತ್ತು. ಮಾಸ್ಕ್ ಹಾಕಿಕೊಂಡು ನೀವು ಮಂತ್ರಜಪ ಮಾಡುತ್ತಿದ್ದರೂ ಅದರ ಪಾಲಿಗೆ ಅದು ನಿದ್ರೆಯೇ. ಹೊರಳುವಾಗ ಮನುಷ್ಯ ಸಹಜವಾಗಿ ಉಸಿರು ಹಿಡಿಯುತ್ತಾನೆ. ಅದನ್ನೂ ಒಂದು ತಡೆಯೆಂದು ಬರೆದುಕೊಳ್ಳುತ್ತದೆ. ನಾವು ಒಂದು ರಾತ್ರಿ ಕುತೂಹಲಕ್ಕೆ ಮಾಸ್ಕಿನೊಳಗೇ ಪ್ರಾಣಾಯಾಮ ಮಾಡಿ ನೋಡಿದೆವು. ಹತ್ತು ನಿಮಿಷದಲ್ಲಿ ಹನ್ನೊಂದು ಆಪ್ನಿಯಾಗಳು ದಾಖಲಾದವು. ರಕ್ತದ ಆಮ್ಲಜನಕವನ್ನೂ ಅದು ತಾನಾಗಿ ಅಳೆಯದು. ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಹಗಲಿನಲ್ಲಿ ಹಾಕಿ 97 ಬಂತೆಂದು ಸಮಾಧಾನಪಡುವವರಿದ್ದಾರೆ. ಅದರಿಂದ ರಾತ್ರಿಯ ಸ್ಥಿತಿ ತಿಳಿಯುವುದಿಲ್ಲ. ರಾತ್ರಿಯಿಡೀ ದಾಖಲಿಸುವ ಬಗೆಯ ಆಕ್ಸಿಮೀಟರ್ ಬೇರೆ, ಅಗತ್ಯವಿದ್ದರೆ ವೈದ್ಯರೇ ಹೇಳುತ್ತಾರೆ.

ಇಷ್ಟರವರೆಗೆ ನಮ್ಮ ಕಥೆ. ಇದನ್ನು ಬರೆಯಲು ಕುಳಿತದ್ದು ಮಾತ್ರ ನಮ್ಮ ಸಹಪಾಠಿ ಮಿತ್ರರೊಬ್ಬರ ಕಾರಣದಿಂದ. ಮಠದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಚಾಪೆಯ ಮೇಲೆ ಮಲಗಿ ಓದಿದವರು ನಾವು. ಅವರಿಗೂ ಯಂತ್ರ ಬಂತು. ನಮ್ಮ ಅನುಭವ ಕೇಳಿದ್ದರಿಂದ ಅವರು ಗಂಟೆಗಳನ್ನೂ ಸೋರಿಕೆಯನ್ನೂ ಅಚ್ಚುಕಟ್ಟಾಗಿ ನೋಡಿಕೊಂಡಿದ್ದರು. ಆದರೂ ಅಂಕಿ 19ರಿಂದ ಇಳಿಯಲೊಲ್ಲದು. ಫೋನಿನಲ್ಲಿ, “ಶಾಸ್ತ್ರಿಗಳೇ, ಇದಕ್ಕೇನು ಮಾಡೋಣ?” ಎಂದು ಕೇಳಿದರು. ಎರಡು ಬಾರಿ ಪೆಟ್ಟು ತಿಂದು ಕಲಿತ ಪಂಡಿತರಲ್ಲವೇ ನಾವು! “ಒತ್ತಡ ಸಾಲದಿರಬೇಕು. ಎರಡು-ಮೂರು ಏರಿಸಿ ನೋಡಿ” ಎಂದುಬಿಟ್ಟೆವು. ಅವರ ಮಗ ಯಂತ್ರದ ಒಳಪಟ್ಟಿಯನ್ನು ತೆರೆದು ಒಂಬತ್ತಿದ್ದುದನ್ನು ಹನ್ನೆರಡು ಮಾಡಿದನು. ಒಂದು ವಾರದಲ್ಲಿ ಅಂಕಿ 27 ಆಯಿತು.

ಆ ತಪ್ಪು ಎಲ್ಲಿಯದೆಂದು ತಿಳಿಯಲು ತಡೆಗಳಲ್ಲಿ ಎರಡು ಜಾತಿಗಳಿವೆ ಎಂಬುದನ್ನು ಅರಿಯಬೇಕು. ಗಂಟಲು ಮುಚ್ಚಿಕೊಂಡದ್ದರಿಂದ ಆಗುವ ತಡೆ ಒಂದು. ಅಲ್ಲಿ ಎದೆ ಪ್ರಯತ್ನಿಸುತ್ತಿರುತ್ತದೆ, ದಾರಿ ಇಲ್ಲ. ದಾರಿ ತೆರೆದೇ ಇದ್ದು, ಉಸಿರಾಡು ಎಂಬ ಆಜ್ಞೆಯೇ ಮೆದುಳಿನಿಂದ ಬಾರದಿರುವುದು ಇನ್ನೊಂದು. ಅದಕ್ಕೆ ಸೆಂಟ್ರಲ್ ಆಪ್ನಿಯಾ ಎಂದು ಹೆಸರು. ಹೊರಗಿನಿಂದ ಎರಡೂ ಒಂದೇ, ಉಸಿರು ನಿಂತಿದೆ ಅಷ್ಟೇ. ಇವನ್ನು ಬೇರ್ಪಡಿಸಲು ಯಂತ್ರವು ಒಂದು ಜಾಣ್ಮೆ ಮಾಡುತ್ತದೆ. ಹರಿವು ನಿಂತಾಗ ಕೆಲವು ಯಂತ್ರಗಳು ಸೆಕೆಂಡಿಗೆ 4 ಬಾರಿಯಂತೆ ಕಿರುಕಂಪನಗಳನ್ನು ಕಳಿಸುತ್ತವೆ, ಕೆಲವು ಒತ್ತಡದ ಒಂದು ಸಣ್ಣ ತಟ್ಟನ್ನು ಕೊಡುತ್ತವೆ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂದು ಕದ ತಟ್ಟಿ ನೋಡಿದಂತೆ. ಮುಚ್ಚಿದ್ದರೆ ಒಂದು ಬಗೆಯ ಮರುದನಿ, ತೆರೆದಿದ್ದರೆ ಮತ್ತೊಂದು. ಅದರಂತೆ ಮುಚ್ಚಿದ ದಾರಿ, ತೆರೆದ ದಾರಿ ಎಂದು ಬೇರೆ ಬೇರೆ ಗುರುತು ಹಾಕುತ್ತದೆ. ಇದು ಊಹೆಯೇ ಹೊರತು ತೀರ್ಪಲ್ಲ, ಆದರೆ ಬೆಲೆಯುಳ್ಳ ಊಹೆ.

ನಮ್ಮ ಮಿತ್ರರ ಕಾರ್ಡನ್ನು ವೈದ್ಯರು ತೆರೆದಾಗ ತಡೆಗಳಲ್ಲಿ ಹೆಚ್ಚಿನವು ತೆರೆದ ದಾರಿಯವು. ಮುಚ್ಚಿದ ಬಾಗಿಲನ್ನು ತೆರೆಯುವುದು ಒತ್ತಡದ ಕೆಲಸ. ತೆರೆದ ಬಾಗಿಲಿಗೆ ಇನ್ನಷ್ಟು ಒತ್ತಡ ಕೊಟ್ಟರೆ ಕೆಲವರಲ್ಲಿ ಇಂಥ ತಡೆಗಳು ಹೆಚ್ಚುತ್ತವೆ. ಅದಕ್ಕಿಂತ ಮುಖ್ಯವಾಗಿ ಅವರ ಉಸಿರಿನ ಅಲೆಗಳು ಮೆಲ್ಲನೆ ಬೆಳೆದು, ಮೆಲ್ಲನೆ ಕುಗ್ಗಿ, ನಿಂತು, ಮತ್ತೆ ಬೆಳೆಯುತ್ತಿದ್ದವು. ತೇರಿನ ಸಾಲು ನಿಂತಂತೆ ಒಂದರ ಹಿಂದೊಂದು. ಈ ಆಕೃತಿಯನ್ನು 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್ ನಗರದ ವೈದ್ಯರು ವರ್ಣಿಸಿದ್ದರು. ಯಂತ್ರಗಳು ಇಂದಿಗೂ ಅವರ ಹೆಸರಿನಿಂದಲೇ ಇದನ್ನು ಗುರುತಿಸುತ್ತವೆ. ಹೃದಯ ದುರ್ಬಲವಾದವರಲ್ಲಿ ಇದು ಕಾಣಿಸಿಕೊಳ್ಳುವುದುಂಟು. ವೈದ್ಯರು ಒತ್ತಡವನ್ನು ಮೊದಲಿದ್ದಲ್ಲಿಗೆ ಇಳಿಸಿ, ಅಂದೇ ಎಕೋ ಪರೀಕ್ಷೆಗೆ ಕಳಿಸಿದರು. ಹೃದಯದ ಪಂಪಿನ ಶಕ್ತಿ ಶೇಕಡಾ 35ಕ್ಕೆ ಇಳಿದಿತ್ತು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದನ್ನು ಅವರು ವಯಸ್ಸಿನ ಪ್ರಭಾವವೆಂದು ಯಾರಿಗೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಅಂಕಿಯನ್ನು ಕೇಳಿದೆವು, ಮನುಷ್ಯನನ್ನು ಕೇಳಲಿಲ್ಲ.

ತೆರೆದ ದಾರಿಯ ತಡೆಗಳೆಲ್ಲವೂ ಹೃದ್ರೋಗದ ಸೂಚನೆ ಎಂದು ಯಾರೂ ಹೆದರಬೇಕಾಗಿಲ್ಲ. ಹೊಸದಾಗಿ ಯಂತ್ರ ಹಾಕಿಕೊಂಡವರಲ್ಲಿ ಕೆಲವರಿಗೆ ಇವು ಕಾಣಿಸಿಕೊಂಡು, ವಾರಗಳು-ತಿಂಗಳುಗಳಲ್ಲಿ ತಾವಾಗಿ ಕಡಿಮೆಯಾಗುತ್ತವೆ. ಎಚ್ಚರ-ನಿದ್ರೆಗಳ ನಡುವೆ ಒಂದೆರಡು ಬರುವುದು ಸಹಜ. ರಾತ್ರಿ ರಾತ್ರಿಯೂ ಬಹುಪಾಲು ಅವೇ ಆಗಿದ್ದರೆ ಮಾತ್ರ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಮಿತ್ರರ ಮಗನಿಗೆ ಆಗ ಇನ್ನೊಂದು ಆಲೋಚನೆ ಬಂದಿತ್ತು. ಎ.ಎಸ್.ವಿ. ಎಂಬ, ಪ್ರತಿ ಉಸಿರಿಗೂ ಒತ್ತಡವನ್ನು ಹೊಂದಿಸುವ ಹೆಚ್ಚಿನ ಬೆಲೆಯ ಯಂತ್ರವಿದೆ. ಅದು ಇಂಥ ತಡೆಗಳನ್ನು ಬಹಳ ಚೆನ್ನಾಗಿ ಇಳಿಸುತ್ತದೆ. ಖರ್ಚಾದರೂ ಅದನ್ನೇ ತರೋಣ ಎಂದನು. ವೈದ್ಯರು ಬೇಡವೆಂದು ತಡೆದು ಕಾರಣ ಹೇಳಿದರು. ಹೃದಯದ ಪಂಪಿನ ಶಕ್ತಿ ಶೇಕಡಾ 45 ಅಥವಾ ಅದಕ್ಕಿಂತ ಕಡಿಮೆಯಿದ್ದು, ಮುಖ್ಯವಾಗಿ ಸೆಂಟ್ರಲ್ ಆಪ್ನಿಯಾ ಇದ್ದ 1,325 ರೋಗಿಗಳ ಮೇಲೆ ನಡೆದ ‘ಸರ್ವ್-ಎಚ್.ಎಫ್.’ ಎಂಬ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಆ ಯಂತ್ರ ಬಳಸಿದವರ ಅಂಕಿ ಒಂದು ವರ್ಷದಲ್ಲಿ ಸರಾಸರಿ 6.6ಕ್ಕೆ ಇಳಿದಿತ್ತು. ಆದರೆ ಹೃದಯಸಂಬಂಧಿ ಕಾರಣಗಳಿಂದ ಮರಣ ಹೊಂದಿದವರು ಆ ಗುಂಪಿನಲ್ಲಿ ಶೇಕಡಾ 29.9, ಯಂತ್ರವಿಲ್ಲದ ಗುಂಪಿನಲ್ಲಿ ಶೇಕಡಾ 24. ಅಂಕಿ ಸುಧಾರಿಸಿತು, ಆಯುಷ್ಯ ಸುಧಾರಿಸಲಿಲ್ಲ. ಈ ಸಂಗತಿಯನ್ನು ಕೇಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಯಂತ್ರ ಮಾತ್ರ ಏಳು ತಾಸು ನಿದ್ರೆಯೆಂದು ಬರೆದುಕೊಂಡಿತು.

ಹಾಗಾದರೆ ಮನೆಯವರು ಈ ದಾಖಲೆಯನ್ನು ನೋಡಲೇಬಾರದೇ ಎಂದು ಕೇಳಬಹುದು. ನೋಡಬೇಕು, ಖಂಡಿತ ನೋಡಬೇಕು. ನಮ್ಮ ಮಗಳು ನೋಡದೇ ಹೋಗಿದ್ದರೆ ನಾವಿನ್ನೂ ಎರಡು ಎಂಬ ಅಂಕಿಯನ್ನು ಹಿಡಿದು ತೂಕಡಿಸುತ್ತಿದ್ದೆವು. ಮಾಸ್ಕ್, ಗಂಟೆಗಳು, ಸೋರಿಕೆ, ನೀರಿನ ಪಾತ್ರೆಯ ಸ್ವಚ್ಛತೆ ಇವು ಮನೆಯವರ ಅಧಿಕಾರದಲ್ಲಿರುವ ವಿಷಯಗಳು. ಒತ್ತಡ ಮಾತ್ರ ವೈದ್ಯರದು. ಒಂದು ರಾತ್ರಿಯ ಏರಿಳಿತಕ್ಕೆ ಬೆಲೆ ಕೊಡಬಾರದು. ನೆಗಡಿಯ ರಾತ್ರಿ, ಅಂಗಾತ ಮಲಗಿದ ರಾತ್ರಿ, ಕರೆಂಟು ಹೋಗಿ ನಕ್ಷೆಯೇ ತುಂಡಾದ ರಾತ್ರಿ ಎಲ್ಲವೂ ಬರುತ್ತವೆ. ನಮ್ಮ ಓಣಿಯಲ್ಲಿ ಮಳೆಗಾಲದ ನಕ್ಷೆಗಳು ಇಲಿ ಕಡಿದ ಓಲೆಗರಿಯಂತಿರುತ್ತವೆ. ಯು.ಪಿ.ಎಸ್. ಹಾಕಿಸಿದ ಮೇಲೆ ಸರಿಯಾಯಿತು. ಒಂದು ತಿಂಗಳ ಗೆರೆ ಯಾವ ಕಡೆಗೆ ವಾಲುತ್ತಿದೆ ಎಂಬುದು ಮುಖ್ಯ. ಸರಾಸರಿಯಲ್ಲಿ ಇನ್ನೊಂದು ಕಪಟವೂ ಇದೆ: ಏಳು ತಾಸಿಗೆ 14 ತಡೆಗಳಾದರೆ ಅಂಕಿ ಎರಡೇ, ಆದರೆ ಆ ಹದಿನಾಲ್ಕೂ ಬೆಳಗಿನ ಜಾವದ ಅರ್ಧ ತಾಸಿನಲ್ಲಿ ಒಟ್ಟಾಗಿ ಬಂದಿದ್ದರೆ ಅದು ಬೇರೆಯೇ ಮಾತು. ಅಂಥ ಗುಂಪು ಕಂಡರೆ ಆ ಪುಟವನ್ನು ಮುದ್ರಿಸಿಕೊಂಡು ವೈದ್ಯರ ಬಳಿ ಒಯ್ಯಬೇಕು.

ನಾವು ಈಗ ಒಂದು ನೋಟುಬುಕ್ಕು ಇಟ್ಟಿದ್ದೇವೆ. ಎಡಪುಟದಲ್ಲಿ ಯಂತ್ರದ ಮಾತು: ಗಂಟೆಗಳು, ಸೋರಿಕೆ, ಅಂಕಿ, ತಡೆಯ ಜಾತಿ. ಬಲಪುಟದಲ್ಲಿ ನಮ್ಮ ಮಾತು: ಬೆಳಗ್ಗೆ ತಲೆನೋವು ಇತ್ತೇ, ಮಧ್ಯಾಹ್ನ ತೂಕಡಿಕೆ ಬಂತೇ, ರಾತ್ರಿ ಎಷ್ಟು ಬಾರಿ ಎದ್ದೆವು, ಮೆಟ್ಟಿಲು ಹತ್ತುವಾಗ ಹೇಗಿತ್ತು. ಮನೆಯವರು ಏನಾದರೂ ಕಂಡಿದ್ದರೆ ಅದೂ ಬಲಪುಟಕ್ಕೇ. ವೈದ್ಯರು ಮೊದಲು ಬಲಪುಟವನ್ನೇ ಓದುತ್ತಾರೆ.

ಮಿತ್ರರಿಗೆ ಹೃದಯದ ಔಷಧಗಳು ನಡೆದಿವೆ. ಕಾಲಿನ ಬಾವು ಇಳಿದಿದೆ, ಯಂತ್ರದ ಒತ್ತಡ ಒಂಬತ್ತರಲ್ಲಿಯೇ ಇದೆ, ಅಂಕಿ ಈಗ ಹನ್ನೊಂದರ ಸುತ್ತ ಇದೆ. ನಾವು ಹೇಳಿದ ಮಾತಿಗೆ ಅವರೆದುರು ತಪ್ಪೊಪ್ಪಿಕೊಂಡೆವು. ಅವರು, “ನೀವು ಏರಿಸಿ ಅಂದದ್ದಕ್ಕೇ ಅಲ್ಲವೇ ನಾನು ಡಾಕ್ಟರ ಹತ್ತಿರ ಓಡಿದ್ದು” ಎಂದು ನಕ್ಕರು. ಅದು ಅವರ ದೊಡ್ಡತನ. ಪ್ರತಿ ಸೋಮವಾರ ಸಂಜೆ ಫೋನು ಮಾಡುತ್ತೇವೆ. ಈಗ ನಾವು ಮೊದಲು ಕೇಳುವುದು, ಅವರ ಮನೆಯ ಅಟ್ಟದ ಹದಿನಾಲ್ಕು ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದರೇ ಎಂದು. ಕಳೆದ ಸೋಮವಾರ ಒಂಬತ್ತನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತು ಹತ್ತಿದ್ದರು.